ತೊಟ್ಟಿಲು ನಿಂತ ಮೇಲೆ ಹೊಲ ಯಾರದು?

ಬೀಜಿಂಗ್ ಹೊರಗೆ ಅರ್ಧಕ್ಕೇ ನಿಂತುಹೋದ ಒಂದು ಮನರಂಜನಾ ಪಾರ್ಕಿನ ಹಳೇ ಫೋಟೋವನ್ನು ಮಗ ಮೊಬೈಲಿನಲ್ಲಿ ತೋರಿಸಿದ. ರಾಜರ ಕೋಟೆಯಂಥ ಗೋಪುರ, ಸುತ್ತಲೂ ಬರೀ ಕಂಬ, ತೊಲೆ. ಅವನು ಕೋಟೆ ನೋಡು ಅಂದ. ನನ್ನ ಕಣ್ಣು ಹೋದದ್ದು ಕೋಟೆ ಮುಂದಿದ್ದ ಮೆಕ್ಕೆಜೋಳದ ಮೇಲೆ.

ಆ ಊರಿನ ಹೆಸರು ಚೆನ್‌ಜುವಾಂಗ್. ಬೀಜಿಂಗಿನಿಂದ ಸುಮಾರು 32 ಕಿ.ಮೀ. ದೂರ. ಏಷ್ಯಾದಲ್ಲೇ ದೊಡ್ಡ ಪಾರ್ಕು ಮಾಡುತ್ತೇವೆಂದು ಸುಮಾರು 120 ಎಕರೆಯಲ್ಲಿ ಕೆಲಸ ಹಿಡಿದಿದ್ದರು. ಜಮೀನಿನ ಬೆಲೆಯ ವಿಚಾರದಲ್ಲಿ ರೈತರಿಗೂ ಅಲ್ಲಿನ ಸ್ಥಳೀಯ ಸರ್ಕಾರಕ್ಕೂ ಕಟ್ಟುವವರಿಗೂ ಹೊಂದಿಕೆಯಾಗದೆ 1998ರಲ್ಲಿ ಕೆಲಸ ನಿಂತಿತು. ಆಟದ ಯಂತ್ರ ತಿರುಗುವ ಮೊದಲೇ ಕಟ್ಟುವವರು ಎದ್ದು ಹೋದರು. ರೈತರು ಗುದ್ದಲಿ ಹಿಡಿದು ವಾಪಸು ಬಂದರು. 2008ರಲ್ಲಿ ಮತ್ತೆ ಶುರು ಮಾಡಲು ನೋಡಿದರು, ಆಗಲಿಲ್ಲ. 2013ರಲ್ಲಿ ಎಲ್ಲ ಕೆಡವಿದರು. ಕೋಟೆ ಹೋಯಿತು, ಜೋಳವೂ ಹೋಯಿತು. ಜಾಗ ಮಾಲಿನ ಪಾಲಾಯಿತು. ಚೀನಾದಲ್ಲಿ ಹಳ್ಳಿಯ ಜಮೀನು ಊರಿನ ಸಮೂಹದ್ದು, ಉಳುವವನ ಹೆಸರಿನಲ್ಲಿ ಒಡೆತನ ಇರುವುದಿಲ್ಲ. ಅಷ್ಟು ವರ್ಷ ಬೆಳೆ ತೆಗೆದದ್ದು ಲೆಕ್ಕಕ್ಕೆ ಬರಲಿಲ್ಲ.

ಹಾಳುಬಿದ್ದ ಪಾರ್ಕಿನ ಜಾಗದಲ್ಲಿ ಮುಂದೇನು ಅಂತ ಮಾತು ಬಂದರೆ ಮಾಲು, ಲೇಔಟು, ರೆಸಾರ್ಟು, ಇಷ್ಟೇ ಎಲ್ಲರ ಬಾಯಿಗೆ ಬರೋದು. ಅಲ್ಲಿ ಮೊದಲೇನಿತ್ತು ಅಂತ ಕೇಳುವವರಿಲ್ಲ. ನನ್ನ ಅಭಿಪ್ರಾಯ ಹೇಳುತ್ತೇನೆ. ಹೊಲ ಇದ್ದ ಕಡೆ ಹೊಲವೇ ಬರಲಿ. ಬಿಚ್ಚುವ ಖರ್ಚು ಎಬ್ಬಿಸಿದವನದೇ ಆಗಲಿ, ಆ ದುಡ್ಡನ್ನು ಎಬ್ಬಿಸುವ ದಿನವೇ ಠೇವಣಿ ಇಡಿಸಬೇಕು.

ನಮ್ಮೂರ ಜಾತ್ರೆಗೂ ತೊಟ್ಟಿಲು ಬರುತ್ತದೆ. ಸುಗ್ಗಿ ಮುಗಿದು ಹೊಲ ಖಾಲಿ ಇರುವಾಗ ತಂದು ನಿಲ್ಲಿಸುತ್ತಾರೆ. ಎಂಟು ದಿನ ಮಕ್ಕಳು ಕಿರುಚುತ್ತವೆ. ಒಂಬತ್ತನೇ ದಿನ ನಟ್ಟು ಬೋಲ್ಟು ಬಿಚ್ಚಿ ಲಾರಿಗೆ ಹೇರಿಕೊಂಡು ಹೋಗುತ್ತಾರೆ. ಉಳಿಯುವುದು ನಾಲ್ಕು ಗೂಟದ ಕುಳಿ, ಒಂದಿಷ್ಟು ಚುರುಮುರಿ ಕಾಗದ. ಮುಂಗಾರು ಬಿದ್ದರೆ ಅಲ್ಲೇ ಕೂರಿಗೆ ಹೂಡುತ್ತೇವೆ. ಹಾಗಾಗಿ ಆಟ ಬೇಡ ಅನ್ನೋ ಮುದುಕ ನಾನಲ್ಲ. ಬಿಚ್ಚಿಕೊಂಡು ಹೋಗುವ ಬುದ್ಧಿ ಇರಲಿ ಅಂತ ಅಷ್ಟೇ.

ಬಿಚ್ಚದೆ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಜರ್ಮನಿಯ ಬರ್ಲಿನ್ ನೋಡಿ. ಅಲ್ಲಿ ನದಿ ದಂಡೆಯ ಕಾಡಿನಲ್ಲಿ 1969ರಲ್ಲಿ ಒಂದು ಪಾರ್ಕು ಶುರುವಾಯಿತು. ಆಮೇಲೆ ಸ್ಪ್ರೀಪಾರ್ಕ್ ಅಂತ ಹೆಸರಾಯಿತು. 2001ರಲ್ಲಿ ದಿವಾಳಿಯೆದ್ದು ಬಾಗಿಲು ಹಾಕಿತು. 45 ಮೀಟರ್ ಎತ್ತರದ ತೊಟ್ಟಿಲು ನಿಂತಲ್ಲೇ ತುಕ್ಕು ಹಿಡಿಯಿತು, ಹಳಿಗಳ ನಡುವೆ ಗಿಡಮರ ಬೆಳೆದವು. ಆ ತೊಟ್ಟಿಲು ಬಿಚ್ಚಿ ಕೆಳಗಿಳಿದದ್ದು 2021ರಲ್ಲಿ. ಇಪ್ಪತ್ತು ವರ್ಷ! ಅದೂ ರಿಪೇರಿ ಮಾಡಿ ಮತ್ತೆ ನಿಲ್ಲಿಸಲಿಕ್ಕಂತೆ. ನಗರದ ಸಂಸ್ಥೆಯೇ ಕೈಹಾಕಿ ಅದನ್ನು ಕಲೆ, ಗಿಡಮರ ಎರಡೂ ಇರುವ ಉದ್ಯಾನ ಮಾಡಲು ಹೊರಟಿದೆ. ನನಗೆ ಇದು ಸರಿ ಕಂಡಿತು. ಕಾಡಿದ್ದ ಜಾಗಕ್ಕೆ ಮರಗಳೇ ಬಂದವು. ಆದರೆ ಖರ್ಚು ಜನರ ತೆರಿಗೆಯದು, ದಿವಾಳಿ ಎದ್ದವನದಲ್ಲ.

ಹೊಲವನ್ನು ಮತ್ತೆ ಹೊಲ ಮಾಡುವುದು ಬಾಯಲ್ಲಿ ಹೇಳಿದಷ್ಟು ಸುಲಭ ಅಲ್ರೀ. ನಾನು ಉಂಡವನು. ರಸ್ತೆ ಕಂಪನಿಯೊಂದಕ್ಕೆ ಒಂದೂವರೆ ಎಕರೆ ಎರೆ ಹೊಲವನ್ನು ಎರಡು ವರ್ಷಕ್ಕೆ ಗುತ್ತಿಗೆ ಕೊಟ್ಟಿದ್ದೆ. ಜಲ್ಲಿ ರಾಶಿ, ಕಾಂಕ್ರೀಟು ಕಲೆಸುವ ಯಂತ್ರ, ಲಾರಿ ಸಾಲು. ದುಡ್ಡು ಬಂತು, ಸುಳ್ಳು ಹೇಳುವುದಿಲ್ಲ. ಹೋಗುವಾಗ ಯಂತ್ರ ಒಯ್ದರು, ನೆಲಕ್ಕೆ ಹಾಕಿದ ಕಾಂಕ್ರೀಟು ಬಿಟ್ಟರು. ಕರಾರು ಪತ್ರದಲ್ಲಿ ತೆಗೆಯಬೇಕು ಅಂತ ಎಲ್ಲೂ ಇರಲಿಲ್ಲ. ಓದದೆ ಸಹಿ ಹಾಕಿದವ ನಾನೇ. ಜೆಸಿಬಿ ಬಾಡಿಗೆಗೆ ತಂದು ಒಡೆಸಿದೆ. ಗುತ್ತಿಗೆ ದುಡ್ಡಿನ ಅರ್ಧ ಅದಕ್ಕೇ ಹೋಯಿತು.

ಆಮೇಲೆ ಬಿತ್ತಿದ ಮೆಕ್ಕೆಜೋಳ ಮೊಣಕಾಲು ಮಟ್ಟಕ್ಕೆ ಬಂದು ನಿಂತಿತು. ಎಲೆಯಲ್ಲಿ ಬಿಳಿ ಪಟ್ಟೆ. ಕೃಷಿ ಇಲಾಖೆಯವರಿಗೆ ಗಿಡ ಒಯ್ದು ತೋರಿಸಿದಾಗ ತಿಳಿಯಿತು: ಸಿಮೆಂಟಿನ ಸುಣ್ಣ ಸೇರಿ ಮಣ್ಣಿನ ಕ್ಷಾರ ಏರಿದೆ, ಸತು ಇದ್ದರೂ ಬೇರಿಗೆ ಸಿಗುತ್ತಿಲ್ಲ. ಅದಕ್ಕಿಂತ ಕೆಟ್ಟದ್ದು ಲಾರಿ ಭಾರಕ್ಕೆ ಕೆಳಗೆ ಕೂತ ಗಟ್ಟಿ ಪದರ. ನೇಗಿಲು ಅಷ್ಟು ಆಳಕ್ಕೆ ಇಳಿಯೋದೇ ಇಲ್ಲ. ಮಳೆ ನೀರೂ ಇಳಿಯದು. ಎರಡು ವರ್ಷ ತೊಗರಿ ಬಿತ್ತಿದೆ. ಅದರ ತಾಯಿಬೇರು ಆಳಕ್ಕೆ ಹೋಗುತ್ತದೆ, ಕೊಳೆತರೆ ಅದೇ ನೀರಿಗೆ ದಾರಿ. ಕೊಟ್ಟಿಗೆ ಗೊಬ್ಬರ ಹೇರಿದೆ. ಮೂರನೇ ವರ್ಷ ಬೆಳೆ ಅನ್ನಿಸಿಕೊಳ್ಳುವಂಥದು ಬಂತು. ಲಾರಿ ನಿಲ್ಲುತ್ತಿದ್ದ ಮೂಲೆ ಇವತ್ತಿಗೂ ಸುಧಾರಿಸಿಲ್ಲ.

ಬರೀ ಎರಡು ವರ್ಷದ ಕತೆ ಇದು. ಹತ್ತಿಪ್ಪತ್ತು ವರ್ಷ ನಿಂತ ಪಾರ್ಕಿನ ಜಾಗ ಎಲ್ಲವೂ ಒಂದೇ ಹದಕ್ಕೆ ಬರಲಾರದು. ಹುಲ್ಲುಹಾಸು ಇದ್ದ ಕಡೆ ಬೇಗ ಬಿತ್ತಬಹುದು. ತೊಟ್ಟಿಲ ಬುಡದ ಆಳದ ಅಡಿಪಾಯ ಕೀಳಲು ಹೋದರೆ ಖರ್ಚು ತಡೆಯಲಾಗದು. ಅದರ ಸುತ್ತ ಬೇವು, ಹೊಂಗೆ ಹಚ್ಚಿ ಬಿಡುವುದೇ ವಾಸಿ. ಹಳೇ ಕಬ್ಬಿಣದ ಬಣ್ಣದಲ್ಲಿ ಸೀಸ ಇರುತ್ತದೆ, ಉದುರಿ ಮಣ್ಣಿಗೆ ಸೇರುತ್ತದೆ. ಅಂಥ ಕಡೆ ಸೀಸದ ಪರೀಕ್ಷೆ ಮಾಡಿಸದೆ ಸೊಪ್ಪು ತರಕಾರಿ ಬೇಡವೇ ಬೇಡ. ಕಬ್ಬಿಣವಂತೂ ಗುಜರಿಗೆ ಹೋಗುತ್ತದೆ, ಅದಕ್ಕೆ ಗಿರಾಕಿ ತಪ್ಪುವುದಿಲ್ಲ.

ನನ್ನಂಥ ಮಳೆ ನೆಚ್ಚಿದವನಿಗೆ ಆಸೆ ಹುಟ್ಟಿಸುವುದು ಕಾರು ನಿಲ್ಲಿಸುವ ಜಾಗ. ಒಂದು ಎಕರೆ ಕಾಂಕ್ರೀಟಿನ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಸುಮಾರು ಒಂದು ಲಕ್ಷ ಲೀಟರು ನೀರು. ಅಲ್ಲಿ ಇಲ್ಲಿ ಸೋರಿ ಎಂಬತ್ತು ಸಾವಿರ ಸಿಕ್ಕರೂ ಸಾಕಲ್ಲ? ಜಾರುಬಂಡಿಯ ಕೊಳ ಹೇಗೂ ಇದೆ, ಬಿರುಕು ಮುಚ್ಚಿದರೆ ಅದೇ ಕೃಷಿ ಹೊಂಡ. ನಾವು ಬಾಡಿಗೆ ಯಂತ್ರ ತಂದು ತೋಡಿಸುವುದನ್ನು ಅವರು ತೋಡಿಟ್ಟು ಹೋಗಿರುತ್ತಾರೆ.

ಠೇವಣಿ ಕೇಳುವುದು ಹುಚ್ಚು ಮಾತು ಅನ್ನಬೇಡಿ. ನಮ್ಮ ದೇಶದಲ್ಲಿ ಗಣಿಯವರಿಗೆ ಗಣಿ ಮುಚ್ಚುವ ಯೋಜನೆ ಕೊಡಬೇಕು, ಅದಕ್ಕೆ ಹಣದ ಭದ್ರತೆ ಇಡಬೇಕು ಅಂತ 2003ರಿಂದ ನಿಯಮ ಇದೆ. ಪಾಲನೆ ಹೇಗಿದೆ ಅನ್ನುವುದು ಬೇರೆ ಮಾತು. ಪಾರ್ಕಿಗೂ ಹಾಗೇ ಯಾಕಾಗಬಾರದು? ಸರ್ಕಾರ ಸ್ವಾಧೀನ ಮಾಡಿಕೊಂಡ ಜಮೀನು ಐದು ವರ್ಷ ಬಳಸದೆ ಬಿದ್ದಿದ್ದರೆ ಮೂಲ ಮಾಲೀಕನಿಗೆ ಅಥವಾ ಸರ್ಕಾರದ ಭೂ ಬ್ಯಾಂಕಿಗೆ ಅಂತ 2013ರ ಭೂಸ್ವಾಧೀನ ಕಾಯ್ದೆ ಹೇಳುತ್ತದೆ. ಆ ‘ಅಥವಾ’ ಅನ್ನುವ ಒಂದು ಶಬ್ದದಲ್ಲಿ ನಮ್ಮ ಹೊಲ ಜಾರಿ ಹೋಗುತ್ತದೆ. ಖಾಸಗಿಯವರಿಗೆ ಕ್ರಯಪತ್ರ ಬರೆದುಕೊಟ್ಟವರಿಗೆ ಅಷ್ಟೂ ಇಲ್ಲ.

ಅದಕ್ಕೇ ಗುತ್ತಿಗೆ ಕೊಡುವವರು ಮೂರು ಮಾತು ಬರೆಸಿಕೊಳ್ಳಿ. ಮೇಲ್ಮಣ್ಣು ಕೆತ್ತಿದರೆ ಅದೇ ಹೊಲದ ಬದುವಿನಲ್ಲಿ ರಾಶಿ ಹಾಕಿಡಬೇಕು, ಮಾರಬಾರದು. ಹೋಗುವಾಗ ಕಾಂಕ್ರೀಟು, ಕಬ್ಬಿಣ ತೆಗೆದು ಆ ಮಣ್ಣು ವಾಪಸು ಹರಡಬೇಕು. ಇದರ ಖರ್ಚಿನ ಹಣ ಮೊದಲೇ ಬ್ಯಾಂಕಿನಲ್ಲಿ ಜಂಟಿ ಹೆಸರಲ್ಲಿ ಇರಬೇಕು. ಇಷ್ಟು ಕೇಳಿದರೆ ಪಾರ್ಟಿ ಓಡಿಹೋಗುತ್ತಾನೆ ಅಂತ ನಮ್ಮ ಮಗನ ವಾದ. ಓಡಿದರೆ ಓಡಲಿ ಅಂತ ನನ್ನದು. ಮನೆಯಲ್ಲಿ ಇದಿನ್ನೂ ತೀರ್ಮಾನ ಆಗಿಲ್ಲ.

ಲಾರಿ ನಿಂತ ಮೂಲೆಯಲ್ಲಿ ಈ ಸಲ ಹರಳು ಹಾಕಿ ನೋಡಬೇಕೆಂದಿದ್ದೇನೆ. ಇಂಥ ಗಟ್ಟಿ ನೆಲದಲ್ಲಿ ಯಾರಾದರೂ ಬೇರೆ ಏನಾದರೂ ಬೆಳೆದು ಗೆದ್ದಿದ್ದರೆ ಪತ್ರಿಕೆಗೆ ಒಂದು ಸಾಲು ಬರೆಯಿರಿ.