ರೂಮಿನ ಬಾಣಲೆಗೆ ವಯಸ್ಸಾಗುವುದಿಲ್ಲ

ನಾನು ಇಲ್ಲಿನ ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್. ಡಿ.ಫಾರ್ಮ ಮುಗಿಸಿ, ಊರಿನ ಮೆಡಿಕಲ್ ಶಾಪಿನಲ್ಲಿ ಕೆಲವು ವರ್ಷ ನಿಂತು, ಆಮೇಲೆ ಗಲ್ಫಿಗೆ ಬಂದವನು. ವೈದ್ಯನಲ್ಲ, ಆಹಾರ ತಜ್ಞನೂ ಅಲ್ಲ. ಆದರೆ ಔಷಧದ ಕೌಂಟರಿನಲ್ಲಿ ನಿಂತವನಿಗೆ ಒಂದು ಅನುಕೂಲವಿದೆ. ಡಾಕ್ಟರ ಎದುರು ಹೇಳದ ಮಾತನ್ನು ಜನ ನಮ್ಮ ಹತ್ತಿರ ಹೇಳುತ್ತಾರೆ, ಕನ್ನಡ ಬರುತ್ತದೆಂದು ತಿಳಿದರೆ ಇನ್ನೂ ಸಲೀಸಾಗಿ ಹೇಳುತ್ತಾರೆ. ನಾನು ಪದೇ ಪದೇ ಕೇಳುವ ಮಾತು ಇದು: "ಮೊದಲು ಹತ್ತು ಗೋಳಿಬಜೆ ತಿಂದರೂ ಏನೂ ಆಗ್ತಿರಲಿಲ್ಲ, ಈಗ ಎರಡಕ್ಕೇ ಎದೆ ಉರಿ. ಒಳ್ಳೇ ಮಾತ್ರೆ ಕೊಡಿ."

ಊರಲ್ಲಿ ಕರಿದ ತಿಂಡಿಗೆ ಒಂದು ಕಾಲವಿತ್ತು. ಮಳೆಗಾಲಕ್ಕೆ ಹಲಸಿನ ಹಪ್ಪಳ, ಗೌರಿ ಗಣೇಶ ಹಬ್ಬಕ್ಕೆ ಚಕ್ಕುಲಿ, ಕರ್ಜಿಕಾಯಿ. ನೆಂಟರು ಬಂದರೆ ಅಂಬೊಡೆ, ಜಾತ್ರೆಗೆ ಹೋದರೆ ಮಿರ್ಚಿ ಬಜಿ, ಮೈಸೂರು ರೈಲು ಹತ್ತಿದರೆ ಮದ್ದೂರು ವಡೆ. ಎಣ್ಣೆ ದುಬಾರಿ, ಬಾಣಲೆ ಇಡುವ ಅಧಿಕಾರ ಅಮ್ಮನದು. ವಯಸ್ಸಿನ ಲೆಕ್ಕವೂ ತಾನಾಗಿಯೇ ನಡೆಯುತ್ತಿತ್ತು. ಬಾಣಲೆಯಿಂದ ಇಳಿದ ಬಿಸಿಬಿಸಿ ತಿಂಡಿ ಮಕ್ಕಳಿಗೆ, ಊಟದ ಜೊತೆ ಎರಡು ಅಪ್ಪನಿಗೆ. ಹಲ್ಲು ಹೋದ ಅಜ್ಜ ಚಕ್ಕುಲಿಯನ್ನು ಕುಟ್ಟಿಸಿಕೊಂಡು ಮಜ್ಜಿಗೆಗೆ ಹಾಕಿ ತಿನ್ನುತ್ತಿದ್ದರು. ಅಜ್ಜಿಗೆ ವಡೆ ಮೊಸರಿನಲ್ಲಿ ನೆನೆದ ಮೇಲೆಯೇ. ಅವರಿಗೆ ಯಾರೂ ಕೊಲೆಸ್ಟ್ರಾಲಿನ ಪಾಠ ಮಾಡಿರಲಿಲ್ಲ. ಹಸಿವು ಇಳಿಯಿತು, ಮೊಮ್ಮಕ್ಕಳಿಗೆ ಇರಲಿ ಎಂಬ ಮನಸ್ಸು ಬಂತು, ತಟ್ಟೆ ಬದಲಾಯಿತು.

ಗಲ್ಫಿನ ರೂಮಿನಲ್ಲಿ ಅಜ್ಜನೂ ಇಲ್ಲ, ಮಕ್ಕಳೂ ಇಲ್ಲ. ಇಪ್ಪತ್ತಮೂರರ ಹುಡುಗ ಮತ್ತು ಐವತ್ತಾರರ ಅಣ್ಣ ಒಂದೇ ಮೆಸ್ಸಿನಲ್ಲಿ ಉಣ್ಣುತ್ತಾರೆ, ಸಂಜೆ ಒಂದೇ ಕಫೆಟೇರಿಯಾದ ಎದುರು ಕರಕ್ ಚಹಾ, ಸಮೋಸ ಹಿಡಿದು ನಿಲ್ಲುತ್ತಾರೆ. ಅಣ್ಣನ ತಟ್ಟೆಯನ್ನು ನೋಡಿ "ಸಾಕು" ಎನ್ನುವವರು ಮೂರು ಸಾವಿರ ಕಿಲೋಮೀಟರ್ ದೂರದಲ್ಲಿದ್ದಾರೆ. ಅವರು ವೀಡಿಯೊ ಕರೆಯಲ್ಲಿ ಮುಖ ನೋಡುತ್ತಾರೆ, ತಟ್ಟೆ ನೋಡುವುದಿಲ್ಲ.

ಇದನ್ನು ನಾಲಿಗೆಯ ಚಪಲ ಎಂದು ಬೈಯುವವರನ್ನು ನಾನು ಒಪ್ಪುವುದಿಲ್ಲ. ಬೆಳಗಿನ ಜಾವ ಕಂಪನಿ ಬಸ್ಸು ಹತ್ತುವವನಿಗೆ ಕರಿದದ್ದೇ ಅಗ್ಗ. ಅದು ಬಿಸಿಯಾಗಿ ಸಿಗುತ್ತದೆ, ನಿಂತು ತಿನ್ನಬಹುದು, ಪಾತ್ರೆ ತೊಳೆಯಬೇಕಿಲ್ಲ, ಹೊಟ್ಟೆಯೂ ತುಂಬುತ್ತದೆ. ದಿನವಿಡೀ ಹಿಂದಿ, ಮಲಯಾಳ, ಅರಬಿ ಕೇಳಿ ಬಂದವನಿಗೆ ಒಂದು ತಟ್ಟೆ ಬನ್ಸ್ ಮನೆಯೇ ಎದುರಿಗೆ ಬಂದ ಹಾಗೆ.

ತೊಂದರೆ ಇರುವುದು ಬೇರೆ ಕಡೆ. ಇಪ್ಪತ್ತೈದರಲ್ಲಿ ಹೆಲ್ಪರ್ ಆಗಿ ಬಂದವನು ಸೈಟಿನಲ್ಲಿ ಸಿಮೆಂಟ್ ಹೊತ್ತು ಬೆವರು ಸುರಿಸಿದ. ಅವನಿಗೆ ಆ ಎಣ್ಣೆ ಬೇಕಿತ್ತು, ಕರಗುತ್ತಲೂ ಇತ್ತು. ನಲವತ್ತೈದರ ಹೊತ್ತಿಗೆ ಅವನು ಫೋರ್‌ಮನ್, ಡ್ರೈವರ್, ಇಲ್ಲವೇ ಸ್ಟೋರ್ ಕೀಪರ್. ಎಸಿ ಕ್ಯಾಬಿನ್, ಕುರ್ಚಿ. ಭಡ್ತಿ ಸಿಕ್ಕಿತು, ಸಂಬಳ ಏರಿತು, ಸಮೋಸ ಎರಡರಿಂದ ನಾಲ್ಕಾಯಿತು. ಒಂದು ಗ್ರಾಂ ಎಣ್ಣೆಯಲ್ಲಿ 9 ಕ್ಯಾಲೊರಿ, ಒಂದು ಗ್ರಾಂ ಪಿಷ್ಟದಲ್ಲಿ 4. ಒಂದು ದೊಡ್ಡ ಚಮಚ ಎಣ್ಣೆ ಎಂದರೆ ಸುಮಾರು 120 ಕ್ಯಾಲೊರಿ. ಹೊರುವ ಕೆಲಸ ನಿಂತಿತು, ವಯಸ್ಸಿನ ಜೊತೆ ಸ್ನಾಯುವೂ ನಿಧಾನವಾಗಿ ಕರಗುತ್ತಿದೆ, ಈ ಲೆಕ್ಕ ಮಾತ್ರ ಹಾಗೇ ಇದೆ. ಉಳಿದದ್ದು ಸೊಂಟದ ಸುತ್ತ ಕೂರುತ್ತದೆ.

ಎದೆ ಉರಿಗೂ ಕಾರಣವಿದೆ. ಎಣ್ಣೆಯ ಪದಾರ್ಥ ಹೊಟ್ಟೆಯಿಂದ ಮುಂದೆ ಸಾಗಲು ಹೆಚ್ಚು ಹೊತ್ತು ಬೇಕು. ಅನ್ನನಾಳದ ಬುಡದಲ್ಲಿ ಬಾಗಿಲಿನಂತಿರುವ ಸ್ನಾಯುವನ್ನೂ ಅದು ಸಡಿಲಿಸುತ್ತದೆ. ರಾತ್ರಿ ಹತ್ತಕ್ಕೆ ತಿಂದು ಹತ್ತೂವರೆಗೆ ಬಂಕ್ ಬೆಡ್ಡಿನಲ್ಲಿ ಮಲಗಿದರೆ ಆಮ್ಲ ಮೇಲೆ ಬಾರದೆ ಇನ್ನೇನು?

ಇಲ್ಲಿಗೆ ನಮ್ಮ ಮಾತ್ರೆಗಳು ಬರುತ್ತವೆ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಮುಂತಾದವು ಆಮ್ಲವನ್ನು ಕಡಿಮೆ ಮಾಡುತ್ತವೆ, ಎಣ್ಣೆಯನ್ನಲ್ಲ. ಅಟೊರ್ವಾಸ್ಟಾಟಿನ್ ಯಕೃತ್ತಿನಲ್ಲಿ ತಯಾರಾಗುವ ಕೊಲೆಸ್ಟ್ರಾಲನ್ನು ತಗ್ಗಿಸುತ್ತದೆ. ಅದು ತಿಂದ ಪರೋಟವನ್ನು ರದ್ದು ಮಾಡುವ ರಬ್ಬರ್ ಅಲ್ಲ. ಆದರೂ ಪಾರ್ಟಿಯ ದಿನ ಎರಡು ಮಾತ್ರೆ ನುಂಗಿ ಬಿರಿಯಾನಿ, ಕಬಾಬಿಗೆ ಕೂರುವವರಿದ್ದಾರೆ. ಊರಿಂದ ಬರುವ ಗೆಳೆಯನ ಬ್ಯಾಗಿನಲ್ಲಿ ಒಂದು ಬದಿಗೆ ಕೋಡುಬಳೆ, ಇನ್ನೊಂದು ಬದಿಗೆ ವರ್ಷಕ್ಕಾಗುವಷ್ಟು ಗ್ಯಾಸ್ ಮಾತ್ರೆ ತರಿಸಿಕೊಳ್ಳುವವರೂ ಇದ್ದಾರೆ. ಔಷಧವನ್ನು ತಿನ್ನುವುದಕ್ಕೆ ಸಿಕ್ಕ ಪರವಾನಗಿ ಮಾಡಿಕೊಂಡರೆ ಅದು ಔಷಧವಾಗಿ ಉಳಿಯುವುದಿಲ್ಲ.

"ಗ್ಯಾಸ್" ಎಂಬ ಆ ಒಂದು ಪದಕ್ಕೇ ನಾನು ಹೆಚ್ಚು ಹೆದರುವುದು. ರಾತ್ರಿ ಎಣ್ಣೆ ತಿಂದವನಿಗೆ ಬೆಳಿಗ್ಗೆ ಎದೆ ಹಿಡಿದರೆ ಕಾರಣ ಸಿದ್ಧವಾಗಿದೆ: ನಿನ್ನೆಯ ಬಜ್ಜಿ. ಸೋಡಾ ಕುಡಿಯುತ್ತಾನೆ, ಓಮ ಅಗಿಯುತ್ತಾನೆ, ರೂಮಿನವರು ಬೆನ್ನು ತಿಕ್ಕುತ್ತಾರೆ. ಅಮೂಲ್ಯವಾದ ಒಂದು ಗಂಟೆ ಹೋಗುತ್ತದೆ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದ ದಕ್ಷಿಣ ಏಷ್ಯಾದ ವಿಶ್ಲೇಷಣೆ 2007ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನಮ್ಮ ಕಡೆಯವರಿಗೆ ಮೊದಲ ಹೃದಯಾಘಾತವಾಗುವ ಸರಾಸರಿ ವಯಸ್ಸು 53, ಉಳಿದ ದೇಶಗಳವರಿಗೆ ಸುಮಾರು 59. ಆ ಆರು ವರ್ಷ ಎಂದರೆ ಗಲ್ಫಿನಲ್ಲಿ ದುಡಿಯುವವನ ಮಗಳ ಮದುವೆ, ಮಗನ ಇಂಜಿನಿಯರಿಂಗ್, ಮನೆ ಸಾಲದ ಕೊನೆಯ ಕಂತು. ಮೆಟ್ಟಿಲು ಹತ್ತುವಾಗ ಬರುವ ನೋವು, ಎಡಗೈಗೆ ಅಥವಾ ದವಡೆಗೆ ಹರಡುವ ನೋವು, ತಣ್ಣನೆ ಬೆವರು, ಉಸಿರಾಟದ ತೊಂದರೆ, ಇವುಗಳಲ್ಲಿ ಯಾವುದೇ ಇದ್ದರೂ ಬಜ್ಜಿಯನ್ನು ಮರೆತು ಆಂಬುಲೆನ್ಸಿಗೆ ಕರೆ ಮಾಡಿ. ಯುಎಇಯಲ್ಲಿ 998. ಸಕ್ಕರೆ ಕಾಯಿಲೆ ಇರುವವರಿಗೆ ನೋವೇ ಇಲ್ಲದೆಯೂ ಆಗಬಹುದು.

ಹಾಗಾದರೆ ಬಿಟ್ಟೇಬಿಡಬೇಕೇ? ಬೇಡ. ಬಿಡುತ್ತೇನೆಂದು ಹೊಸ ವರ್ಷಕ್ಕೆ ಆಣೆ ಮಾಡಿದವರು ಫೆಬ್ರವರಿಯಲ್ಲಿ ಕಫೆಟೇರಿಯಾದ ಎದುರೇ ಸಿಗುತ್ತಾರೆ. ಊರಲ್ಲಿ ಇದ್ದ ಹಾಗೆ ಬಾಣಲೆಗೆ ಮತ್ತೆ ಒಂದು ದಿನ ಗೊತ್ತುಮಾಡಿ ಎನ್ನುವುದಷ್ಟೇ ನನ್ನ ಸಲಹೆ. ವಾರದ ರಜೆಯ ದಿನ ರೂಮಿನಲ್ಲೇ ಕರಿಯಿರಿ, ಹೊಸ ಎಣ್ಣೆಯಲ್ಲಿ, ಎಲ್ಲರೂ ಕೂತು ತಿನ್ನಿ. ಉಳಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ. ಪದೇ ಪದೇ ಕಾದ ಎಣ್ಣೆ ಕೆಡುತ್ತದೆಂದೇ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಅದಕ್ಕೊಂದು ಮಿತಿ ಹಾಕಿತು. ಉಳಿದ ದಿನಗಳ ಸಂಜೆಗೆ ಬೇಯಿಸಿದ ಶೇಂಗಾ, ಕಡಲೆ ಉಸಲಿ, ಬಾಳೆಹಣ್ಣು ಇವೆ. ಇವು ಸಮೋಸದಷ್ಟೇ ಅಗ್ಗ, ಕಡಲೆಯನ್ನು ಬೆಳಿಗ್ಗೆ ನೆನೆಹಾಕುವ ಒಂದು ಕೆಲಸ ಹೆಚ್ಚು. ರಂಜಾನಿನಲ್ಲಿ ಉಪವಾಸ ಬಿಡುವ ಗೆಳೆಯರಿಗೂ ಇದೇ ಮಾತು. ಖರ್ಜೂರ, ನೀರು, ಗಂಜಿ ಮೊದಲು ಹೋಗಲಿ. ಖಾಲಿ ಹೊಟ್ಟೆಗೆ ಮೊದಲ ತುತ್ತೇ ಪಕೋಡ ಆಗುವುದು ಬೇಡ.

ರೂಮಿನ ಹಿರಿಯರೇ ಇದನ್ನು ಶುರು ಮಾಡಬೇಕು. ಹುಡುಗರು ತಿನ್ನಲಿ, ಸೈಟಿನಲ್ಲಿ ದುಡಿಯುವ ಮೈ ಅವರದು. "ನನಗೆ ಎರಡೇ ಸಾಕು" ಎಂದು ಐವತ್ತರ ಅಣ್ಣ ಹೇಳಿದರೆ ಅದು ಮುದುಕನಾದ ಲಕ್ಷಣವಲ್ಲ, ಮನೆಯಲ್ಲಿದ್ದಿದ್ದರೆ ಹಾಗೇ ಹೇಳುತ್ತಿದ್ದರು. ನಮ್ಮಂಥ ಸಂಘಗಳ ಅಡುಗೆ ಸಮಿತಿಯವರಿಗೂ ಒಂದು ಮಾತು, ಬೇಸರ ಬೇಡ. ರಾಜ್ಯೋತ್ಸವದ ದಿನ ಬೆಳಿಗ್ಗೆ ವಡೆ, ಊಟಕ್ಕೆ ಹಪ್ಪಳ, ಅಂಬೊಡೆ, ಸಂಜೆ ಮತ್ತೆ ಬಜ್ಜಿ ಏಕೆ? ವಡೆ ಇರಲಿ, ವಡೆ ಇಲ್ಲದ ರಾಜ್ಯೋತ್ಸವಕ್ಕೆ ನಾನೂ ಬರುವುದಿಲ್ಲ. ಸಂಜೆಗೆ ಚುರುಮುರಿ ಸಾಕು.

ಸಾಧಾರಣವಾಗಿ ವೈದ್ಯರು ಹೇಳುವ ಲೆಕ್ಕ ತಿಂಗಳಿಗೆ ತಲೆಗೆ ಅರ್ಧ ಲೀಟರ್ ಎಣ್ಣೆ, ಮೈಮುರಿದು ದುಡಿಯುವವರಿಗೆ ಸ್ವಲ್ಪ ಹೆಚ್ಚು. ಆರು ಜನರ ರೂಮಿಗೆ ಮೂರು ಲೀಟರ್ ಎಂದಿಟ್ಟುಕೊಳ್ಳಿ. ಮೆಸ್ಸಿನ ಲೆಕ್ಕದ ಪುಸ್ತಕ ಹೇಗೂ ಇದೆಯಲ್ಲ, ಈ ತಿಂಗಳು ಐದು ಲೀಟರಿನ ಡಬ್ಬ ಎಷ್ಟು ಸಲ ಬಂದಿದೆ ಎಂದು ಇವತ್ತೇ ತೆಗೆದು ನೋಡಿ. ಕಫೆಟೇರಿಯಾದ್ದು ಅದರಲ್ಲಿ ಬರೆದಿರುವುದಿಲ್ಲ, ಅದನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕು.