ಕೋಡ್ ತಪ್ಪಲ್ಲ ಸ್ವಾಮಿ, ಗಡಿಯಾರ ತಪ್ಪು!

"ತಪ್ಪು ಕೋಡ್. ಮತ್ತೆ ಪ್ರಯತ್ನಿಸಿ."

ಲಾಗಿನ್ ಪುಟಗಳು ಕೆಂಪಕ್ಷರದಲ್ಲಿ ಉದುರಿಸುವ ಈ ಮುತ್ತುಗಳನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತೆ. ಫೋನಿನ ಅಥೆಂಟಿಕೇಟರ್ ಆಪ್ ತೋರಿಸಿದ ಆರು ಅಂಕಿಯನ್ನು ಒಂದೂ ಬಿಡದೆ ಟೈಪ್ ಮಾಡಿರ್ತೀವಿ. ಆದರೂ ತಪ್ಪು ನಮ್ಮದೇ ಅಂತೆ! ಏನು ತಪ್ಪು ಅಂತ ಮಾತ್ರ ಹೇಳೋದಿಲ್ಲ. ಇದನ್ನು ಭದ್ರತೆ ಅಂತಾರೆ. ನಾನು ಸೋಮಾರಿತನ ಅಂತೀನಿ.

ಈ ಕೋಡ್ ಎಲ್ಲಿಂದ ಬರುತ್ತೆ ನೋಡಿ. ಬಹಳ ಜನ ಇದೂ ಎಸ್ಸೆಮ್ಮೆಸ್ ಓಟಿಪಿ ಥರ, ಸಿಗ್ನಲ್ ಇಲ್ಲದಿದ್ದರೆ ಕೆಡುತ್ತೆ ಅಂದ್ಕೊಂಡಿದ್ದಾರೆ. ಹಾಗಲ್ಲ. ಮೊದಲ ದಿನ ನೀವು ಸ್ಕ್ಯಾನ್ ಮಾಡಿದ ಕ್ಯೂಆರ್ ಕೋಡಿನೊಳಗೆ ಒಂದು ಗುಟ್ಟಿನ ಕೀಲಿ ಇರುತ್ತೆ. ಅದರ ಒಂದು ಪ್ರತಿ ನಿಮ್ಮ ಫೋನಿನಲ್ಲಿ, ಇನ್ನೊಂದು ಅವರ ಸರ್ವರಿನಲ್ಲಿ. 1970ರ ಜನವರಿ 1ರಿಂದ ಈ ಕ್ಷಣದವರೆಗಿನ ಸೆಕೆಂಡುಗಳನ್ನು 30ರಿಂದ ಭಾಗಿಸಿ, ಬಂದ ಸಂಖ್ಯೆಯನ್ನು ಆ ಕೀಲಿಯ ಜೊತೆ ಸೇರಿಸಿ ಲೆಕ್ಕ ಹಾಕಿದರೆ ಆರು ಅಂಕಿ ಸಿಗುತ್ತೆ. ಎರಡೂ ಕಡೆ ಅದೇ ಲೆಕ್ಕ. ಉತ್ತರ ಒಂದೇ ಆದರೆ ಬಾಗಿಲು ತೆರೆಯುತ್ತೆ. 2011ರಲ್ಲಿ ಬಂದ ಆರ್‌ಎಫ್‌ಸಿ 6238 ಎಂಬ ದಾಖಲೆಯಲ್ಲಿ ಇದೆಲ್ಲ ಬಿಡಿಸಿ ಬರೆದಿದೆ. ನೆಟ್‌ವರ್ಕ್ ಬೇಡ, ಸಿಮ್ಮೂ ಬೇಡ. ಗಡಿಯಾರ ಸರಿಯಿರಬೇಕು, ಅಷ್ಟೇ.

ಆದರೆ ಬಸ್ಸು ತಪ್ಪಬಾರದು ಅಂತ ಗಡಿಯಾರವನ್ನು ಹತ್ತು ನಿಮಿಷ ಮುಂದಿಡೋ ಜನ ನಾವು! ನಮ್ಮ ಸೋದರಮಾವ ಫೋನಿಗೂ ಹಾಗೇ ಮಾಡಿದ್ದರು. ಹತ್ತು ನಿಮಿಷ ಅಂದ್ರೆ ಇಪ್ಪತ್ತು ಕೋಡು ಮುಂದೆ. ಸರ್ವರ್ ಸಾಮಾನ್ಯವಾಗಿ ಒಂದೆರಡು ಕೋಡು ಆಚೀಚೆ ಆದರೆ ಒಪ್ಪುತ್ತೆ, ಇಪ್ಪತ್ತಕ್ಕೆ ಒಪ್ಪುತ್ಯೇ? ಸಹಾಯವಾಣಿಗೆ ಫೋನ್ ಮಾಡಿದರೆ ಏನಂದರು ಗೊತ್ತಾ? "ಆಪ್ ಅಳಿಸಿ ಮತ್ತೆ ಹಾಕ್ಕೊಳ್ಳಿ ಸಾರ್." ಅಳಿಸಿದರು. ಕೀಲಿಯೂ ಅದರ ಜೊತೆ ಹೋಯ್ತು! ಪಿಂಚಣಿ ಕಾಗದಗಳೆಲ್ಲ ಇದ್ದ ಮೇಲ್‌ಪೆಟ್ಟಿಗೆ ಎರಡು ವಾರ ಬಂದ್. ಕೊನೆಗೆ ಸಿಕ್ಕಿತು. ಆದರೆ ಮಾವ "ಈ ಸಹವಾಸವೇ ಬೇಡ ಮಾರಾಯ" ಅಂತ ಎರಡನೇ ಬೀಗವನ್ನೇ ಕಿತ್ತುಹಾಕಿದರು. ಈಗ ಬರೀ ಪಾಸ್‌ವರ್ಡ್. ಇದರಿಂದ ಯಾರಿಗೆ ಭದ್ರತೆ ಸಿಕ್ಕಿತು? ಕಳ್ಳರಿಗೆ!

ಅಮೆರಿಕಕ್ಕೆ ಹೋದವರ ಕಥೆಯೂ ಇದೇ. ಸಮಯವಲಯ ಬದಲಿಸಿದರೆ ಏನೂ ಆಗಲ್ಲ. ಅದನ್ನು ಭಾರತದ್ದೇ ಬಿಟ್ಟು ಗಂಟೆಯನ್ನಷ್ಟೇ ಕೈಯಲ್ಲಿ ತಿರುಗಿಸಿದಿರೋ, ಕೋಡು ಕೆಟ್ಟಿತು.

"ಕಾರಣ ಹೇಳಿದರೆ ಕಳ್ಳನಿಗೂ ಸುಳಿವು ಕೊಟ್ಟಂತೆ" ಅನ್ನೋ ಪಂಡಿತರಿದ್ದಾರೆ. ಕೋಡಿನ ವಿಷಯದಲ್ಲಿ ಈ ಮಾತಿಗೆ ಸ್ವಲ್ಪ ಅರ್ಥವಿದೆ, ಒಪ್ಪಿದೆ. ಆದರೆ ಗಂಟೆ ಎಷ್ಟು ಅನ್ನೋದು ಯಾವ ಗುಟ್ಟು ಸ್ವಾಮಿ? ವೆಬ್ ಸರ್ವರುಗಳು ಪುಟ ಕಳಿಸುವಾಗ ಸಾಮಾನ್ಯವಾಗಿ ತಮ್ಮ ಸಮಯವನ್ನೂ ಜೊತೆಗೇ ಕಳಿಸುತ್ತವೆ. ಲಾಗಿನ್ ಪುಟದ ಕೆಳಗೆ "ಈಗ ನಮ್ಮಲ್ಲಿ ಸಮಯ 10:42, ನಿಮ್ಮ ಫೋನಿನಲ್ಲೂ ಇಷ್ಟೇ ಇದೆಯೇ?" ಅಂತ ಒಂದು ಸಾಲು ಹಾಕಲು ಏನು ಧಾಡಿ? ಫೋನಿನಲ್ಲೇ ಲಾಗಿನ್ ಆಗುತ್ತಿದ್ದರೆ ಆ ಪುಟವೇ ಫೋನಿನ ಸಮಯ ಓದಿ ಎಚ್ಚರಿಸಬಹುದು. ನಾಲ್ಕು ಸಾಲಿನ ಪ್ರೋಗ್ರಾಂ, ಅಷ್ಟೇ.

ಅವರು ಮಾಡುವ ತನಕ ನೀವಾದರೂ ನೆನಪಿಡಿ. ಕೋಡ್ ಒಪ್ಪದಿದ್ದರೆ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ದಿನಾಂಕ, ಸಮಯ, ಸಮಯವಲಯ ಎಲ್ಲವನ್ನೂ ಆಟೋಮ್ಯಾಟಿಕ್ ಮಾಡಿ. ಆಪ್‌ನಲ್ಲಿ ಒಂದೇ ಹೆಸರಿನ ಎರಡು ಖಾತೆ ಕಾಣ್ತಿದೆಯಾ? ಎರಡನೇ ಸಲ ಸ್ಕ್ಯಾನ್ ಮಾಡಿ ಹೊಸ ಕೀಲಿ ಪಡೆದಿದ್ದರೆ ಹಳೆಯದು ಸತ್ತಿರುತ್ತೆ, ಹೊಸದರ ಕೋಡ್ ಹಾಕಿ. ಅಂಕಿ ಬದಲಾಗುವ ಹೊತ್ತಾಗಿದ್ದರೆ ಮುಂದಿನದಕ್ಕೆ ಕಾಯಿರಿ. ಶುರುವಿನಲ್ಲಿ ಕೊಡುವ ಬ್ಯಾಕಪ್ ಕೋಡುಗಳನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ. ಒಳಗೆ ಹೋಗಲು ಬೇರೆ ದಾರಿ ಖಚಿತವಾಗುವ ತನಕ ಯಾರೇ ಹೇಳಲಿ, ಆಪ್ ಅಳಿಸಬೇಡಿ.

ಎರಡನೇ ಬೀಗ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೀಗ ಹಾಕಿದವರು ಮನೆಯವರನ್ನೇ ಹೊರಗೆ ನಿಲ್ಲಿಸಿ "ನೀನು ತಪ್ಪು" ಅಂದರೆ ಹೇಗೆ? ಗಂಟೆ ಎಷ್ಟು ಅಂತ ಹೇಳೋಕೂ ದುಡ್ಡು ಕೊಡಬೇಕಾ?