ಬಿಳಿಯಾನೆ ಮತ್ತು ಪುಟ್ಟಾನೆ: ವಾಹನದ ನಿಜವಾದ ಬೆಲೆ ಯಾವುದು?

ಕೋಲಾರದ ಟೊಮೆಟೊ ಮಾರುಕಟ್ಟೆಯಿಂದ ನಸುಕಿನಲ್ಲಿ ಹೊರಟು ಬೆಂಗಳೂರು ಸೇರುವ ಪಿಕಪ್ ವಾಹನಕ್ಕೂ, ಅದೇ ಹೆದ್ದಾರಿಯಲ್ಲಿ ಅದನ್ನು ಸದ್ದಿಲ್ಲದೆ ಹಿಂದಿಕ್ಕಿ ಹೋಗುವ ಐಷಾರಾಮಿ ಕಾರಿಗೂ ಮೇಲ್ನೋಟಕ್ಕೆ ಯಾವ ಹೋಲಿಕೆಯೂ ಇಲ್ಲ. ಒಂದು ದುಡಿಮೆಗೆ, ಇನ್ನೊಂದು ಮೆರೆಯುವುದಕ್ಕೆ. ಆದರೆ ಹತ್ತು ವರ್ಷ ಕಳೆದ ಮೇಲೆ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದರೆ ಲೆಕ್ಕ ಬೇರೆಯೇ ಕಾಣುತ್ತದೆ. ಹೊಸತಿದ್ದಾಗ ಹಲವು ಪಟ್ಟು ಬೆಲೆ ಬಾಳಿದ ಕಾರು ಕೊಳ್ಳುವವರಿಲ್ಲದೆ ನಿಂತಿರುತ್ತದೆ. ಪಿಕಪ್ ಮೂರನೆಯ ಮಾಲೀಕನ ಕೈಯಲ್ಲೂ ಬಾಡಿಗೆ ದುಡಿಯುತ್ತಿರುತ್ತದೆ.

ಈ ಹೋಲಿಕೆಗೆ ಈಗ ಹೊಸ ಪ್ರಸ್ತುತತೆ ಬಂದಿದೆ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯ ಪರಿಷ್ಕರಣೆಯಲ್ಲಿ ಸರಕು ಸಾಗಣೆ ವಾಹನಗಳ ತೆರಿಗೆ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ಸೆಸ್ ಸೇರಿ ಶೇ. 45ರಿಂದ 50ರವರೆಗಿದ್ದ ದೊಡ್ಡ ಹಾಗೂ ಐಷಾರಾಮಿ ಕಾರುಗಳ ಹೊರೆ ಶೇ. 40ಕ್ಕೆ ಬಂದಿತು. ಬಿಡಿಭಾಗಗಳಿಗೂ ಶೇ. 18ರ ಏಕರೂಪ ದರ ನಿಗದಿಯಾಯಿತು. ಕೊಳ್ಳುವ ಬೆಲೆ ಇಳಿದದ್ದು ಸುದ್ದಿಯಾಯಿತು. ಸಾಕುವ ಬೆಲೆಯ ಬಗ್ಗೆ ಮಾತ್ರ ಚರ್ಚೆಯೇ ನಡೆಯಲಿಲ್ಲ.

ಬಿಡಿಭಾಗಕ್ಕೆ ವಯಸ್ಸಿಲ್ಲ

ನಗರದ ಮಧ್ಯಮ ವರ್ಗದ ಯುವಕರನ್ನು ಇಂದು ಹೆಚ್ಚು ಸೆಳೆಯುತ್ತಿರುವುದು ಹೊಸ ಐಷಾರಾಮಿ ಕಾರಲ್ಲ, ಹಳೆಯದು. ಒಂದು ಸಾಮಾನ್ಯ ಹೊಸ ಕಾರಿನ ಬೆಲೆಗೆ ಎಂಟು-ಹತ್ತು ವರ್ಷ ಹಳೆಯ ಜರ್ಮನ್ ಕಾರು ಸಿಗುತ್ತದೆ ಎಂಬುದೇ ಆ ಆಕರ್ಷಣೆ. ದೆಹಲಿಯ ಬೆಳವಣಿಗೆಗಳು ಇದಕ್ಕೆ ಇನ್ನಷ್ಟು ಇಂಬು ಕೊಟ್ಟವು. ರಾಜಧಾನಿ ವಲಯದಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳು ಓಡಬಾರದೆಂಬ ಹಸಿರು ನ್ಯಾಯಮಂಡಳಿಯ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದ ಮೇಲೆ, ಅಲ್ಲಿನ ಹಳೆಯ ಕಾರುಗಳು ಬೇರೆ ರಾಜ್ಯಗಳತ್ತ ಮುಖ ಮಾಡಿದವು. 2025ರಲ್ಲಿ ಆ ನಿಯಮ ಒಮ್ಮೆ ಬಿಗಿಯಾಗಿ, ಮತ್ತೊಮ್ಮೆ ಸಡಿಲವಾಗಿ, ಗೊಂದಲ ಇನ್ನಷ್ಟು ಹೆಚ್ಚಿತು.

ಅಗ್ಗವಾಗಿ ಕಂಡ ಈ ಕಾರುಗಳಲ್ಲಿ ಮೊದಲ ಪೆಟ್ಟು ತೆರಿಗೆಯದು. ಕರ್ನಾಟಕದಲ್ಲಿ 20 ಲಕ್ಷ ರೂಪಾಯಿ ಮೀರಿದ ಕಾರಿಗೆ ಶೇ. 18ರ ಜೀವಾವಧಿ ತೆರಿಗೆಯಿದೆ. ಹೊರರಾಜ್ಯದಿಂದ ತಂದ ಕಾರನ್ನು ಇಲ್ಲಿ ನೋಂದಾಯಿಸಿದಾಗ ಅದರ ವಯಸ್ಸಿಗೆ ತಕ್ಕಂತೆ ಈ ತೆರಿಗೆ ಕಟ್ಟಲೇಬೇಕು. ಕಟ್ಟದೆ ಓಡಿಸುತ್ತಿದ್ದ ಐಷಾರಾಮಿ ಕಾರುಗಳನ್ನು ಸಾರಿಗೆ ಇಲಾಖೆ 2025ರಲ್ಲಿ ಬೆಂಗಳೂರಿನಲ್ಲಿ ಕಾರ್ಯಾಚರಣೆ ನಡೆಸಿ ವಶಪಡಿಸಿಕೊಂಡಿತ್ತು.

ಎರಡನೆಯ ಪೆಟ್ಟು ಇದಕ್ಕಿಂತ ದೊಡ್ಡದು. ಹೊಸತಿದ್ದಾಗ 60 ಲಕ್ಷ ರೂಪಾಯಿಯಿದ್ದ ಕಾರೊಂದು ಹತ್ತು ವರ್ಷಗಳ ನಂತರ 10 ಲಕ್ಷಕ್ಕೆ ಮಾರಾಟವಾಯಿತು ಎಂದು ಭಾವಿಸಿದರೆ, ಇಳಿದದ್ದು ಕಾರಿನ ಬೆಲೆ ಮಾತ್ರ. ಅದರ ಏರ್ ಸಸ್ಪೆನ್ಷನ್, ಹೆಡ್‌ಲ್ಯಾಂಪ್, ಗೇರ್‌ಬಾಕ್ಸ್‌ನ ನಿಯಂತ್ರಣ ಘಟಕ, ಬ್ರೇಕ್ ಡಿಸ್ಕ್ ಇವೆಲ್ಲ 60 ಲಕ್ಷದ ಕಾರಿಗೆಂದೇ ತಯಾರಾದವು. ಅವುಗಳ ಬೆಲೆಯೂ ಅದೇ ಮಟ್ಟದಲ್ಲಿರುತ್ತದೆ. ವಾಹನಕ್ಕೆ ವಯಸ್ಸಾಗುತ್ತದೆ, ಬಿಡಿಭಾಗಕ್ಕೆ ವಯಸ್ಸಾಗುವುದಿಲ್ಲ. ರಬ್ಬರ್ ಗಾಳಿಚೀಲ ಸೋರುವುದು, ಕೂಲಿಂಗ್ ವ್ಯವಸ್ಥೆಯ ಪ್ಲಾಸ್ಟಿಕ್ ಬಿರಿಯುವುದು, ಆಯಿಲ್ ಸೀಲ್‌ಗಳು ಗಡುಸಾಗುವುದು ಎಲ್ಲವೂ ಶುರುವಾಗುವುದು ವಾರಂಟಿ ಮುಗಿದ ಮೇಲೆಯೇ. ಮೊದಲ ಮಾಲೀಕ ಕಾರಿನ ಸುಖವನ್ನು ಅನುಭವಿಸಿ ಹೋಗಿರುತ್ತಾನೆ; ಅದರ ಮುಪ್ಪಿನ ಖರ್ಚು ಎರಡನೆಯವನ ಪಾಲಿಗೆ ಬರುತ್ತದೆ.

ವಿಮೆ ಕೈಹಿಡಿಯುತ್ತದೆಯೇ ಎಂದರೆ ಅಲ್ಲಿಯೂ ಲೆಕ್ಕ ವಿರುದ್ಧವಾಗಿದೆ. ವಿಮೆಯ ದೃಷ್ಟಿಯಲ್ಲಿ ವಾಹನದ ಘೋಷಿತ ಮೌಲ್ಯ ಐದು ವರ್ಷಗಳಲ್ಲಿ ಅರ್ಧಕ್ಕಿಳಿಯುತ್ತದೆ. ರಬ್ಬರ್, ಪ್ಲಾಸ್ಟಿಕ್, ಟೈರ್, ಬ್ಯಾಟರಿಗಳ ಪರಿಹಾರದಲ್ಲಿ ಸವಕಳಿಯೆಂದು ಅರ್ಧ ಮೊತ್ತ ಕಡಿತವಾಗುತ್ತದೆ. ದುರಸ್ತಿಯ ವೆಚ್ಚ ಘೋಷಿತ ಮೌಲ್ಯದ ಶೇ. 75ನ್ನು ಮೀರಿದರೆ ವಾಹನವನ್ನು ಸಂಪೂರ್ಣ ನಷ್ಟವೆಂದೇ ಪರಿಗಣಿಸಲಾಗುತ್ತದೆ. 10 ಲಕ್ಷದ ಮೌಲ್ಯದ ಹಳೆಯ ಐಷಾರಾಮಿ ಕಾರಿಗೆ ಅಪಘಾತದ ದುರಸ್ತಿ 8 ಲಕ್ಷ ತಗುಲಿದರೆ ಅದರ ಆಯುಸ್ಸು ಮುಗಿದಂತೆ. ಇಂಜಿನ್ ಇನ್ನೂ ಗಟ್ಟಿಯಾಗಿದ್ದರೂ ಕಾರು ಗುಜರಿ ಲೆಕ್ಕಕ್ಕೆ ಸೇರುತ್ತದೆ.

ಪುಟ್ಟಾನೆಯ ಗುಟ್ಟು

ಇನ್ನೊಂದು ಬದಿಯಲ್ಲಿ ಪಿಕಪ್ ನಿಂತಿದೆ. 2005ರಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದಾಗ ಅದರಲ್ಲಿದ್ದದ್ದು 702 ಸಿಸಿಯ, ಎರಡೇ ಸಿಲಿಂಡರಿನ ಡೀಸೆಲ್ ಇಂಜಿನ್. ಜನ ಅದನ್ನು 'ಛೋಟಾ ಹಾಥಿ' ಎಂದು ಕರೆದರು. 2017ರ ಹೊತ್ತಿಗೆ 20 ಲಕ್ಷ ವಾಹನಗಳು ಮಾರಾಟವಾಗಿದ್ದವು. ಮಹೀಂದ್ರಾದ ಬೊಲೆರೊ ಪಿಕಪ್ ಹಳ್ಳಿ ಹಾಗೂ ಪಟ್ಟಣಗಳ ನಡುವಿನ ಸರಕು ಸಾಗಣೆಯ ಬೆನ್ನೆಲುಬಾಯಿತು.

ಈ ವಾಹನಗಳು ಕೆಡುವುದೇ ಇಲ್ಲವೆಂಬುದು ತಪ್ಪು ಕಲ್ಪನೆ. ಅವು ಕೆಡುತ್ತವೆ, ಬಹುಶಃ ಕಾರಿಗಿಂತ ಹೆಚ್ಚು ಸಲವೇ ಕೆಡುತ್ತವೆ. ಮಿತಿಮೀರಿದ ಭಾರ, ಹೊಂಡಬಿದ್ದ ರಸ್ತೆ, ದಿನವಿಡೀ ನಿಂತು ಹೊರಡುವ ಓಟ ಯಾವ ಯಂತ್ರವನ್ನೂ ಬಿಡುವುದಿಲ್ಲ. ಆದರೆ ಕೆಟ್ಟ ಭಾಗ ಎಲ್ಲಿ ಕೆಟ್ಟಿದೆಯೆಂಬುದು ಕಣ್ಣಿಗೆ ಕಾಣುತ್ತದೆ, ಕೈಗೆ ಎಟಕುತ್ತದೆ. ಏಣಿಯಂತಹ ಉಕ್ಕಿನ ಚಾಸಿಯ ಮೇಲೆ ಕ್ಯಾಬಿನ್ ಒಂದು ಕಡೆ, ಸರಕಿನ ತೊಟ್ಟಿ ಇನ್ನೊಂದು ಕಡೆ ಕೂರುತ್ತದೆ. ಹಿಂದಿನ ಲೀಫ್ ಸ್ಪ್ರಿಂಗ್‌ನ ಒಂದು ಪ್ಲೇಟ್ ಮುರಿದರೆ ಆ ಒಂದು ಪ್ಲೇಟನ್ನಷ್ಟೇ ಬದಲಿಸಬಹುದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುವ ಭಾಗವೇ ಬಹುಪಾಲು ತಾಲ್ಲೂಕು ಕೇಂದ್ರಗಳ ಅಂಗಡಿಗಳಲ್ಲಿಯೂ ಸಿಗುತ್ತದೆ. ಇಲ್ಲಿ ಮೂರು ಗುಣಗಳನ್ನು ಬೇರ್ಪಡಿಸಿ ನೋಡಬೇಕು: ಬಾಳಿಕೆ, ವಿಶ್ವಾಸಾರ್ಹತೆ ಮತ್ತು ದುರಸ್ತಿಯ ಸುಲಭತೆ. ಪಿಕಪ್‌ನ ಹೆಚ್ಚುಗಾರಿಕೆ ಮುಖ್ಯವಾಗಿ ಮೂರನೆಯದರಲ್ಲಿದೆ.

ಖರ್ಚನ್ನು ವರ್ಷಕ್ಕೆ ಅಳೆಯುವುದೂ ದಾರಿ ತಪ್ಪಿಸುತ್ತದೆ. ವರ್ಷಕ್ಕೆ 50 ಸಾವಿರ ಕಿಲೋಮೀಟರ್ ಓಡುವ ಪಿಕಪ್‌ಗೆ ನಿರ್ವಹಣೆಗೆಂದು 1 ಲಕ್ಷ ರೂಪಾಯಿ ವ್ಯಯವಾಯಿತೆಂದು ಭಾವಿಸಿದರೆ ಕಿಲೋಮೀಟರಿಗೆ 2 ರೂಪಾಯಿ. ವಾರಾಂತ್ಯಕ್ಕಷ್ಟೇ ಹೊರಬಂದು 8 ಸಾವಿರ ಕಿಲೋಮೀಟರ್ ಓಡುವ ಕಾರಿಗೆ ಒಂದೂವರೆ ಲಕ್ಷ ತಗುಲಿದರೆ ಕಿಲೋಮೀಟರಿಗೆ ಹೆಚ್ಚುಕಡಿಮೆ 19 ರೂಪಾಯಿ. ಹಾಗೆಂದು ಪಿಕಪ್ ಮಾಲೀಕನೇ ಸುಖಿಯೆಂದಲ್ಲ. ಐಷಾರಾಮಿ ಕಾರು ಒಂದು ವಾರ ಗ್ಯಾರೇಜಿನಲ್ಲಿ ನಿಂತರೆ ಮಾಲೀಕ ಟ್ಯಾಕ್ಸಿಯಲ್ಲಿ ಓಡಾಡುತ್ತಾನೆ. ಪಿಕಪ್ ಒಂದು ವಾರ ನಿಂತರೆ ಬಾಡಿಗೆ ನಿಲ್ಲುತ್ತದೆ, ಸಾಲದ ಕಂತು ನಿಲ್ಲುವುದಿಲ್ಲ. ಅವನಿಗೆ ದುರಸ್ತಿಯ ಬಿಲ್ಲಿಗಿಂತ ದುರಸ್ತಿಯ ದಿನಗಳೇ ಹೆಚ್ಚು ದುಬಾರಿ.

ಹೆಸರಲ್ಲ, ಒಳಗಿನ ಯಂತ್ರ

ಹಾಗಾದರೆ ಪಿಕಪ್ ಎಂದರೆ ಗಟ್ಟಿ, ಐಷಾರಾಮಿ ಎಂದರೆ ದುರ್ಬಲ ಎಂಬ ಸೂತ್ರ ಸರಿಯೇ? ವಾಸ್ತವ ಅಷ್ಟು ಸರಳವಾಗಿಲ್ಲ. ಅಮೆರಿಕದಲ್ಲಿ ಮೂರು ವರ್ಷ ಹಳೆಯ ವಾಹನಗಳ ದೋಷಗಳನ್ನು ಎಣಿಸುವ ಜೆ.ಡಿ. ಪವರ್ ಸಂಸ್ಥೆಯ 2025ರ ಸಮೀಕ್ಷೆಯಲ್ಲಿ ಎಲ್ಲ ಕಂಪನಿಗಳ ಸರಾಸರಿ 100 ವಾಹನಗಳಿಗೆ 202 ದೋಷಗಳಿದ್ದರೆ, ಅತಿ ಕಡಿಮೆ, ಅಂದರೆ 140 ದೋಷಗಳೊಂದಿಗೆ ಮೊದಲ ಸ್ಥಾನ ಪಡೆದದ್ದು ಲೆಕ್ಸಸ್ ಎಂಬ ಐಷಾರಾಮಿ ಬ್ರ್ಯಾಂಡ್. ಅದಕ್ಕೂ ಹಿಂದಿನ ಎರಡು ವರ್ಷ ಅಗ್ರಸ್ಥಾನ ಅದರದ್ದೇ ಆಗಿತ್ತು. ಮೂರು ವರ್ಷದ ಸಮೀಕ್ಷೆ ಹನ್ನೆರಡನೆಯ ವರ್ಷದ ಬಗ್ಗೆ ಏನನ್ನೂ ಹೇಳುವುದಿಲ್ಲ ಎಂಬುದು ನಿಜ. ಆದರೂ ಐಷಾರಾಮ ಮತ್ತು ವಿಶ್ವಾಸಾರ್ಹತೆ ಪರಸ್ಪರ ಶತ್ರುಗಳಲ್ಲ ಎಂಬುದಕ್ಕೆ ಇದು ಸಾಕ್ಷಿ.

ಪಿಕಪ್‌ಗಳೂ ಕಳಂಕರಹಿತವಲ್ಲ. 2024ರಲ್ಲಿ ಟೊಯೊಟಾ ಕಂಪನಿ ಅಮೆರಿಕದಲ್ಲಿ ಸುಮಾರು 1 ಲಕ್ಷ ವಾಹನಗಳನ್ನು ಹಿಂಪಡೆಯಿತು. ಇಂಜಿನ್ ತಯಾರಿಕೆಯ ವೇಳೆ ಒಳಗೆ ಉಳಿದ ಲೋಹದ ಚೂರುಗಳು ಬೇರಿಂಗ್‌ಗಳನ್ನು ಹಾಳುಮಾಡಬಹುದೆಂಬುದು ಕಾರಣ. ಆ ಪಟ್ಟಿಯಲ್ಲಿ ಟಂಡ್ರಾ ಪಿಕಪ್ ಇತ್ತು, ಲೆಕ್ಸಸ್ ಎಲ್‌ಎಕ್ಸ್ ಕೂಡ ಇತ್ತು. 2025ರ ಏಪ್ರಿಲ್‌ನಲ್ಲಿ ಜನರಲ್ ಮೋಟಾರ್ಸ್ ತನ್ನ 6.2 ಲೀಟರ್ ವಿ8 ಇಂಜಿನಿನ ದೋಷಕ್ಕಾಗಿ ಅಮೆರಿಕದಲ್ಲಿ ಸುಮಾರು 6 ಲಕ್ಷ ವಾಹನಗಳನ್ನು ಹಿಂಪಡೆದಾಗಲೂ ಅದೇ ಕಥೆ. ಸಿಲ್ವರಾಡೊ ಪಿಕಪ್‌ನಲ್ಲಿದ್ದ ಇಂಜಿನ್ನೇ ಕ್ಯಾಡಿಲಾಕ್ ಎಸ್ಕಲೇಡ್‌ನಲ್ಲಿಯೂ ಇತ್ತು. ಹೆಸರು ಬೇರೆ, ರೋಗ ಒಂದೇ.

ಇದಕ್ಕೆ ವಿರುದ್ಧವಾದ ಉದಾಹರಣೆ ರಾಜ್ಯದಲ್ಲಿಯೇ ಇದೆ. ಬಿಡದಿಯ ಕಾರ್ಖಾನೆಯಲ್ಲಿ ತಯಾರಾಗುವ ಹೈಲಕ್ಸ್ ಪಿಕಪ್ ಹಾಗೂ ಫಾರ್ಚೂನರ್ ಒಂದೇ ವಂಶದ ವಾಹನಗಳು. ಎರಡರಲ್ಲೂ ಏಣಿ ಚಾಸಿ, ಎರಡರಲ್ಲೂ 2.8 ಲೀಟರ್ ಡೀಸೆಲ್ ಇಂಜಿನ್. ಒಂದರ ಬೆನ್ನಿಗೆ ಸರಕಿನ ತೊಟ್ಟಿ, ಇನ್ನೊಂದರಲ್ಲಿ ಪ್ರತಿಷ್ಠೆಯ ಆಸನ. ರಾಜಕಾರಣಿಗಳ ಮೆಚ್ಚಿನ ವಾಹನವೆನಿಸಿದ ಫಾರ್ಚೂನರ್ ಹಳೆಯದಾದರೂ ಬೆಲೆ ಉಳಿಸಿಕೊಳ್ಳುವುದಕ್ಕೆ ಅದರೊಳಗಿರುವ ಪಿಕಪ್‌ನ ಅಸ್ಥಿಪಂಜರವೂ ಒಂದು ಕಾರಣ. ವಾಹನದ ಆಯುಸ್ಸನ್ನು ನಿರ್ಧರಿಸುವುದು ಅದರ ಮೇಲಿನ ಲಾಂಛನವಲ್ಲ. ಒಳಗೆ ಎಷ್ಟು ಭಾಗಗಳಿವೆ, ಅವು ಎಷ್ಟು ವಾಹನಗಳಲ್ಲಿ ಹಂಚಿಕೆಯಾಗಿವೆ, ಅವನ್ನು ಬಿಚ್ಚಿ ಜೋಡಿಸಬಲ್ಲವರು ಎಷ್ಟು ಮಂದಿ ಎಂಬುದು.

ಸರಳತೆಯ ಸಂಜೆ

ಚಿಂತೆಯ ವಿಷಯವೆಂದರೆ ಪಿಕಪ್‌ನ ಈ ಸರಳತೆಯೂ ಕರಗುತ್ತಿದೆ. 2020ರ ಏಪ್ರಿಲ್ 1ರಿಂದ ದೇಶ ಬಿಎಸ್-4ರಿಂದ ನೇರವಾಗಿ ಬಿಎಸ್-6ಕ್ಕೆ ಜಿಗಿಯಿತು. ಗಾಳಿಯ ಶುದ್ಧತೆಯ ದೃಷ್ಟಿಯಿಂದ ಇದು ಅನಿವಾರ್ಯ ಹೆಜ್ಜೆಯೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದರೊಂದಿಗೆ ಡೀಸೆಲ್ ವಾಹನಗಳಿಗೆ ಮಸಿ ಹಿಡಿಯುವ ಫಿಲ್ಟರ್, ಹಲವು ಸಂವೇದಕಗಳು, ಕೆಲವು ವಾಹನಗಳಿಗೆ ಯೂರಿಯಾ ದ್ರಾವಣದ ವ್ಯವಸ್ಥೆ ಬಂದವು. ಮಸಿ ಫಿಲ್ಟರ್ ತನ್ನನ್ನು ತಾನು ಸುಟ್ಟು ಶುಚಿಗೊಳಿಸಿಕೊಳ್ಳಲು ವಾಹನ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಬೇಕು. ಯಶವಂತಪುರದ ಎಪಿಎಂಸಿಯಿಂದ ನಗರದೊಳಗೆ ತೆವಳುವ ವಾಹನಕ್ಕೆ ಆ ಅವಕಾಶವೆಲ್ಲಿ? ಎಚ್ಚರಿಕೆಯ ದೀಪ ಹೊತ್ತಿದರೆ ಸ್ಪ್ಯಾನರ್ ಸಾಲದು, ಸ್ಕ್ಯಾನರ್ ಬೇಕು.

ಎಲೆಕ್ಟ್ರಾನಿಕ್ಸ್ ಮಾತ್ರವೇ ಗಟ್ಟಿತನವಲ್ಲ ಎಂಬುದನ್ನು ಬೆಂಗಳೂರು 2022ರ ಸೆಪ್ಟೆಂಬರ್‌ನ ನೆರೆಯಲ್ಲಿ ಕಂಡಿತು. ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆಯ ಸುತ್ತಲಿನ ಶ್ರೀಮಂತ ಬಡಾವಣೆಗಳಲ್ಲಿ ಕೋಟಿ ಬೆಲೆಯ ಕಾರುಗಳು ನೀರಿನಲ್ಲಿ ನಿಂತಿದ್ದವು. ನಿವಾಸಿಗಳನ್ನು ಹೊರತಂದದ್ದು ಟ್ರ್ಯಾಕ್ಟರುಗಳು. ಆಸನದ ಕೆಳಗೆ, ಡಿಕ್ಕಿಯ ತಳದಲ್ಲಿ ನಿಯಂತ್ರಣ ಘಟಕಗಳನ್ನಿಟ್ಟ ಕಾರಿಗೆ ಮೊಣಕಾಲುದ್ದದ ನೀರೇ ಮಾರಕವಾಗಬಲ್ಲದು.

ಬೀಗದ ಕೈ ಯಾರ ಬಳಿ?

ಇಲ್ಲಿಗೆ ಪ್ರಶ್ನೆ ಯಂತ್ರಶಾಸ್ತ್ರದಿಂದ ಹಕ್ಕಿನ ಕಡೆಗೆ ಹೊರಳುತ್ತದೆ. ಬಿಡಿಭಾಗಗಳನ್ನು ಮುಕ್ತ ಮಾರುಕಟ್ಟೆಗೆ ಬಿಡದೆ, ದೋಷ ಪತ್ತೆಯ ಸಾಧನ ಹಾಗೂ ತಾಂತ್ರಿಕ ಕೈಪಿಡಿಗಳನ್ನು ಸ್ವತಂತ್ರ ಗ್ಯಾರೇಜುಗಳಿಗೆ ನಿರಾಕರಿಸಿದ ಕಾರಣಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ವಿಧಿಸಿತು. ಆ ಪಟ್ಟಿಯಲ್ಲಿ ಮರ್ಸಿಡಿಸ್, ಬಿಎಂಡಬ್ಲ್ಯು ಇದ್ದಂತೆ ಟಾಟಾ, ಮಹೀಂದ್ರಾ ಕಂಪನಿಗಳೂ ಇದ್ದವು. ಕಂಪನಿಗಳು ಆದೇಶವನ್ನು ಪ್ರಶ್ನಿಸಿದವು, ವ್ಯಾಜ್ಯ ವರ್ಷಗಟ್ಟಲೆ ಎಳೆಯಿತು. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ದುರಸ್ತಿಯ ಹಕ್ಕು' ಕುರಿತು ಸಮಿತಿ ರಚಿಸಿ, ವಾಹನಗಳನ್ನೂ ಕೃಷಿ ಉಪಕರಣಗಳನ್ನೂ ಅದರ ವ್ಯಾಪ್ತಿಗೆ ತಂದಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮಾಹಿತಿ ಜಾಲತಾಣವೂ ಆರಂಭವಾಯಿತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 2012ರಲ್ಲಿಯೇ ಇಂತಹ ಕಾನೂನು ತಂದಿತ್ತು. ಜಾಲತಾಣದಿಂದ ಮಾಹಿತಿ ಸಿಗುತ್ತದೆ. ಕಂಪನಿಯನ್ನು ಕಟ್ಟಿಹಾಕಬೇಕಾದರೆ ಕಾನೂನೇ ಬೇಕು.

ಐಷಾರಾಮಿ ಕಾರಿನ ಮಾಲೀಕನಿಗೆ ಈ ಬೀಗ ಬರಿಯ ಕಿರಿಕಿರಿ. ಸಾಲ ಮಾಡಿ ಪಿಕಪ್ ಕೊಂಡವನಿಗೆ ಅದು ಅನ್ನದ ಪ್ರಶ್ನೆ. ನಿನ್ನೆಯವರೆಗೆ ಊರಿನ ಮೆಕ್ಯಾನಿಕ್ ಅರ್ಧ ದಿನದಲ್ಲಿ ಮುಗಿಸುತ್ತಿದ್ದ ಕೆಲಸಕ್ಕೆ ಜಿಲ್ಲಾ ಕೇಂದ್ರದ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಸರದಿ ಕಾಯಬೇಕಾದರೆ, ಪುಟ್ಟಾನೆಯೂ ಬಿಳಿಯಾನೆಯಾಗಲು ಹೆಚ್ಚು ಕಾಲ ಬೇಕಿಲ್ಲ. ತೆರಿಗೆ ಇಳಿಸಿ ಕೊಳ್ಳುವ ಬಾಗಿಲನ್ನು ಅಗಲಗೊಳಿಸಿದ ಸರ್ಕಾರ, ದುರಸ್ತಿಯ ಬಾಗಿಲನ್ನು ಮುಚ್ಚಿಕೊಳ್ಳಲು ಬಿಡಬಾರದು.

ಅಲ್ಲಿಯವರೆಗೆ ಕೊಳ್ಳುವವನ ಜಾಣ್ಮೆಯೇ ಅವನಿಗೆ ರಕ್ಷೆ. ಹಳೆಯ ಐಷಾರಾಮಿ ಕಾರಿಗೆ ಮನಸ್ಸು ಮಾಡುವವರು ಮಾರುವವನ ಬೆಲೆ ಕೇಳುವ ಮೊದಲು ಒಂದು ಹೆಡ್‌ಲ್ಯಾಂಪ್, ಒಂದು ಸಸ್ಪೆನ್ಷನ್ ಘಟಕ, ಒಂದು ಗೇರ್‌ಬಾಕ್ಸ್ ದುರಸ್ತಿಯ ಬೆಲೆ ವಿಚಾರಿಸಬೇಕು. ಪಿಕಪ್ ಕೊಳ್ಳುವವರು ವಾಹನದ ಸಾಮರ್ಥ್ಯದಷ್ಟೇ ತಮ್ಮೂರಿನ ಮೆಕ್ಯಾನಿಕ್‌ನ ಸಾಮರ್ಥ್ಯವನ್ನೂ ತೂಗಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತದೆ ಗಾದೆ. ವಾಹನದ ವಿಷಯದಲ್ಲಿ ಆ ಹಾಸಿಗೆಯ ಅಳತೆ ಶೋರೂಮಿನಲ್ಲಿ ಸಿಗುವುದಿಲ್ಲ; ಹತ್ತನೆಯ ವರ್ಷ ಗ್ಯಾರೇಜಿನ ಬಿಲ್ಲಿನಲ್ಲಿ ಸಿಗುತ್ತದೆ.